ಉಚ್ಚಶಿಕ್ಷಣದ ಪರದೇಶ ವ್ಯವಹಾರ

ವಿದೇಶೀ ವಿಶ್ವವಿದ್ಯಾಲಯಗಳು ಭಾರತದಲ್ಲಿ ಶಾಖೆ ತೆರೆಯುವುದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2023ರಲ್ಲಿ ನಿಯಮಾವಳಿಯನ್ನು ಹೊರಡಿಸಿತು. ಶುಲ್ಕನಿರ್ಧಾರ ಆ ಸಂಸ್ಥೆಗಳದ್ದೇ. ಹಣ ಗಡಿ ದಾಟುವ ಕ್ರಮ ವಿದೇಶೀ ವಿನಿಮಯ ಶಾಸನಕ್ಕೆ ಅಧೀನ. ಬ್ಯಾಂಕಿನ ಮೇಜಿನಿಂದ ನೋಡುವವನಿಗೆ ಇದೆಲ್ಲ ಸುಸ್ಪಷ್ಟ. ವಿದ್ಯೆ ಇಲ್ಲಿ ಎಷ್ಟು ಬೇರೂರೀತೆಂಬುದಕ್ಕೆ ಮಾತ್ರ ಅಂಥ ಖಾತೆಯಿಲ್ಲ.

ಇದನ್ನು ಕೇವಲ ಪರಕೀಯರ ಆಕ್ರಮಣವೆಂದು ಬಗೆಯುವ ನಮ್ಮವರು ಮಣಿಪಾಲವನ್ನು ಮರೆತಿದ್ದಾರೆ. ಡಾ. ಟಿ. ಎಂ. ಎ. ಪೈಯವರು (ಬ್ಯಾಂಕು ಕಟ್ಟಿದವರಲ್ಲಿಯೂ ಅವರೊಬ್ಬರೆಂಬುದನ್ನು ನನ್ನಂಥವನು ಹೇಳದೆ ಇರಲಾರ) 1953ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜಿನ ಪರಂಪರೆ 1994ರಲ್ಲಿ ನೇಪಾಳದ ಪೋಖರಾಕ್ಕೂ 1997ರಲ್ಲಿ ಮಲೇಶಿಯದ ಮಲಾಕ್ಕಕ್ಕೂ ಹೋಯಿತು. ಪೋಖರಾದವನಿಗೆ ನಾವೇ ವಿದೇಶೀಯರು! ವೈದ್ಯರು ತಯಾರಾದರು, ನಿಜ. ಅಷ್ಟರಿಂದಲೇ ವಿಚಾರ ಮುಗಿಯದು.

ನಾನಿರುವ ವಿಲ್ಲಿಂಗ್ಡನ್ ಐಲ್ಯಾಂಡು ಕೊಚ್ಚಿಯ ಬಂದರಿಗಾಗಿ ತೋಡಿದ ಮಣ್ಣಿನಿಂದಾದ ದ್ವೀಪ. ಇದೇ ಕೊಚ್ಚಿಗೆ 1960ರ ದಶಕದಲ್ಲಿ ಬೇರೆ ಬಗೆಯ ಅಂತರರಾಷ್ಟ್ರೀಯತೆ ಬಂದಿತ್ತು. ಹಿಂದೂ ಮಹಾಸಾಗರವನ್ನು ಶೋಧಿಸಿದ ನಾನಾ ದೇಶಗಳ ಹಡಗುಗಳು ಸಂಗ್ರಹಿಸಿದ ಪ್ಲಾಂಕ್ಟನ್ ಮಾದರಿಗಳನ್ನು ಯುನೆಸ್ಕೋ ನೆರವಿನ ಕೇಂದ್ರವೊಂದರಲ್ಲಿ ಇಲ್ಲಿಯ ಯುವ ವಿಜ್ಞಾನಿಗಳು ವಿಂಗಡಿಸಿದರು. ಪದವಿ ಮಾರುವ ಮಾತಿರಲಿಲ್ಲ. ಸಂಶೋಧನೆಯ ಕೆಲಸವೇ ಇಲ್ಲಿಗೆ ಬಂತು. ಆ ಕೇಂದ್ರ ಮುಂದೆ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಅಂಗವಾಗಿ ಉಳಿಯಿತು.

ಬೆಂಗಳೂರಿನಲ್ಲಿ ಶಾಖೆ ತೆರೆಯಲು 2025ರಲ್ಲಿ ಅನುಮತಿ ಪಡೆದ ಲಿವರ್‌ಪೂಲ್ ವಿಶ್ವವಿದ್ಯಾಲಯವನ್ನು ನಾವು ಕೇಳಬೇಕಾದುದು ಇಂಥ ಕೆಲಸವನ್ನು. ಅದನ್ನು ಪೋಖರಾದವರು ನಮ್ಮನ್ನು ಕೇಳಿದರೆ ಮಣಿಪಾಲವೂ ಉತ್ತರಿಸಬೇಕಾದೀತು.