‘ವರೆಗೆ’ ಎಂಬ ಒಂದು ಮಾತು

ಶಹಾಬಾದಿನ ಪರಸಿಯನ್ನು ನೆಲಕ್ಕೆ ಹಾಸಿ, ವಾಡಿಯ ಸಿಮೆಂಟಿನಿಂದ ಗೋಡೆಯೆಬ್ಬಿಸಿ, ಸೇಡಂನಲ್ಲಿಯೋ ಚಿತ್ತಾಪುರದಲ್ಲಿಯೋ ಹೊಸ ಮನೆ ಕಟ್ಟುವ ಗೃಹಸ್ಥನು, ಒಂದೊಂದು ಕಲ್ಲನ್ನೂ ತಟ್ಟಿ ನಾದ ಕೇಳಿ ಕೊಳ್ಳುವಷ್ಟು ವಿವೇಕಿಯಾಗಿದ್ದರೂ, ಇಂಟರ್ನೆಟ್ಟಿನ ಪ್ರಸಂಗ ಬಂದೊಡನೆ ಕರಪತ್ರದ ದೊಡ್ಡ ಅಂಕಿಗೆ ಶರಣಾಗುತ್ತಾನೆ. ಟೆಲಿಫೋನ್ ತಂತಿಯ ಡಿ.ಎಸ್.ಎಲ್. ಜೀರ್ಣವಾದುದು, ಟಿ.ವಿ. ಕೇಬಲ್ಲಿನ ಸಂಪರ್ಕ ಶ್ರೇಷ್ಠವಾದುದು ಎಂಬ ಅಭಿಪ್ರಾಯವು ಮಹಾನಗರಗಳಿಂದ ನಮ್ಮ ಸೀಮೆಗೆ ಪರೀಕ್ಷೆಯಿಲ್ಲದೆಯೇ ಇಳಿದುಬಂದಿದೆ. ಈ ಕೀರ್ತಿಯೂ ಆ ಅಪಕೀರ್ತಿಯೂ ಅರ್ಹತೆಯನ್ನು ಮೀರಿದವು ಎಂಬುದು ನನ್ನ ನಿಶ್ಚಿತ ಮತ.

ಕರಪತ್ರದಲ್ಲಿ ಅಂಕಿಗಿಂತ ಮುಖ್ಯವಾದುದು ಅದರ ಬೆನ್ನಿಗೆ ಸಣ್ಣಕ್ಷರದಲ್ಲಿ ನಿಂತಿರುವ ‘ವರೆಗೆ’ ಎಂಬ ಅವ್ಯಯ. ‘24 ಮೆಗಾಬಿಟ್‌ವರೆಗೆ’, ‘100 ಮೆಗಾಬಿಟ್‌ವರೆಗೆ’ ಎಂಬ ಎರಡು ವಾಕ್ಯಗಳಲ್ಲಿ ಶಬ್ದವೊಂದೇ, ಅರ್ಥ ಬೇರೆ. ಡಿ.ಎಸ್.ಎಲ್.ನಲ್ಲಿ ‘ವರೆಗೆ’ ಎಂಬುದು ದೂರವಾಚಕ: ಎಕ್ಸ್‌ಚೇಂಜಿನ ಮಗ್ಗುಲಲ್ಲಿ 24 ಮೆಗಾಬಿಟ್ ಇದ್ದದ್ದು ತಾಮ್ರದ ಹಾದಿಯಲ್ಲಿ ಮೂರು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು ಎಂಟಕ್ಕೆ ಕುಗ್ಗುತ್ತದೆ, ಐದು ಕಿಲೋಮೀಟರಿನಲ್ಲಿ ಒಂದೆರಡು ಉಳಿದರೆ ಹೆಚ್ಚು. ಆದರೆ ಆ ತಂತಿಜೋಡಿ ಒಂದೇ ಮನೆಯದು. ಕೀಲುಗಳಲ್ಲಿ ನೀರಿಳಿಯದಿದ್ದರೆ ಮುಂಜಾನೆ ಸಿಕ್ಕದ್ದು ರಾತ್ರಿಯೂ ಬಹುತೇಕ ಸಿಕ್ಕುತ್ತದೆ. ಮೋಡೆಮ್ಮಿನ ಪುಟದಲ್ಲಿ ‘ಅಟೆನ್ಯುಯೇಶನ್’ ಎಂಬ ಸಾಲನ್ನು ನೋಡಿರಿ: ಅಲ್ಲಿ 20 ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ತಂತಿ ಉತ್ತಮ, 60 ದಾಟಿದರೆ ಆಸೆ ಬಿಡಬೇಕು. ದೋಷವನ್ನು ತಾನೇ ಅಳೆದು ತೋರಿಸುವ ವಸ್ತುವಿದು.

ಕೇಬಲ್ಲಿನ ‘ವರೆಗೆ’ ಕಾಲವಾಚಕ. ಒಂದೇ ಕೋ-ಆಕ್ಸಿಯಲ್ ತಂತಿಯನ್ನು ಓಣಿಯೆಲ್ಲ ಹಂಚಿಕೊಳ್ಳುವುದರಿಂದ, ಮಧ್ಯಾಹ್ನ ನಿರಾತಂಕವಾಗಿ ಹರಿಯುವ ವೇಗ, ಸಂಜೆ ಮನೆಮನೆಯಲ್ಲೂ ವಿಡಿಯೊ ತೆರೆದಾಗ ಎಷ್ಟಕ್ಕೆ ಇಳಿಯುವುದೆಂದು ಕೊಳ್ಳುವವನು ಮುಂಚಿತವಾಗಿ ತಿಳಿಯಲಾರನು. ವಾಡಿ ಜಂಕ್ಷನ್ನಿನಿಂದ ಹೈದರಾಬಾದಿಗೆ ಎಷ್ಟು ದೂರವೆಂಬುದು ಬದಲಾಗದು. ಜನರಲ್ ಡಬ್ಬಿಯಲ್ಲಿ ಇಂದು ಜಾಗ ಸಿಕ್ಕೀತೇ ಎಂಬುದು ಹೊರಟಾಗಲೇ ಗೊತ್ತು. ಮೊದಲನೆಯದು ಡಿ.ಎಸ್.ಎಲ್.ನ ಮಿತಿ, ಎರಡನೆಯದು ಕೇಬಲ್ಲಿನದು.

ಅಂಕಿಯ ಪಕ್ಷಪಾತಿಗಳು ಇಲ್ಲಿ ಆಕ್ಷೇಪವೆತ್ತುತ್ತಾರೆ: ನೂರು ಇಪ್ಪತ್ತಕ್ಕೆ ಇಳಿದರೂ ಎಂಟಕ್ಕಿಂತ ಹೆಚ್ಚಲ್ಲವೇ? ಗಣಿತ ಸರಿ, ಗೃಹಕೃತ್ಯದ ತಿಳಿವಳಿಕೆ ಸಾಲದು. ಚಿಂಚೋಳಿಯ ಮನೆಯಲ್ಲಿ ಕುಳಿತು ಪಾಠ ಕೇಳುವ ಹುಡುಗಿಗೆ ಬೇಕಾದುದು ಶಿಖರವಲ್ಲ, ಕಡಿಯದ ಧಾರೆ. ಒಂದು ವಿಡಿಯೊ ಕರೆಗೆ ಒಂದೆರಡು ಮೆಗಾಬಿಟ್ ಸಾಕು, ಆದರೆ ಅದು ಕ್ಷಣಕ್ಷಣವೂ ಇರಬೇಕು. ಈ ವಿಮರ್ಶಕರು ಎಂದೂ ಎತ್ತದ ಮಾತು ಇನ್ನೊಂದುಂಟು. ಕೇಬಲ್ಲಿನ ಸಂಕೇತವನ್ನು ಹಾದಿಯುದ್ದಕ್ಕೂ ವರ್ಧಿಸುವ ಆಂಪ್ಲಿಫಯರುಗಳಿಗೆ ವಿದ್ಯುತ್ತು ಬೇಕು. ವೈಶಾಖದ ಸಂಜೆ ಓಣಿಯ ಕರೆಂಟು ಹೋದರೆ, ಬದಲಿ ವ್ಯವಸ್ಥೆಯಿಲ್ಲದ ಕಡೆ, ನಿಮ್ಮ ಮನೆಯ ಇನ್ವರ್ಟರು ಉರಿಯುತ್ತಿದ್ದರೂ ಸಂಪರ್ಕ ಆರಿಹೋಗುತ್ತದೆ. ಟೆಲಿಫೋನ್ ತಂತಿಗೆ ನಡುದಾರಿಯಲ್ಲಿ ಅಂತಹ ಹಂಗಿಲ್ಲ; ಎಕ್ಸ್‌ಚೇಂಜಿಗೆ ತನ್ನ ಬ್ಯಾಟರಿಗಳುಂಟು, ಮೋಡೆಮ್ಮಿಗೆ ನಿಮ್ಮ ಇನ್ವರ್ಟರುಂಟು.

ಕೇಬಲ್ಲಿಗೂ ನ್ಯಾಯ ಸಲ್ಲಬೇಕು: ಎಕ್ಸ್‌ಚೇಂಜಿನಿಂದ ಮೂರು ಕಿಲೋಮೀಟರಿನಾಚೆಯ ಬಡಾವಣೆಯಲ್ಲಿ ಅದೇ ಗತಿ. ಬಿ.ಎಸ್.ಎನ್.ಎಲ್. 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ 256 ಕಿಲೋಬಿಟ್ಟನ್ನೇ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. ಆ ತಾಮ್ರದ ಯುಗ ಮುಗಿಯುತ್ತ ಬಂದಿದೆ, ಅದರ ಸ್ಥಾನಕ್ಕೆ ಫೈಬರ್ ಬರುತ್ತಿದೆ. ಫೈಬರ್ ಕೂಡ ಹಂಚಿಕೆಯದೇ. ಆದರೆ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ 2.5 ಗಿಗಾಬಿಟ್ ಎಂದು ಪಾಲು ನಿಗದಿಯಾಗಿರುತ್ತದೆ, ಇಪ್ಪತ್ತು ಕಿಲೋಮೀಟರ್ ದೂರವನ್ನೂ ಅದು ಸಹಿಸುತ್ತದೆ. ಅದು ದೊರೆಯುವಲ್ಲಿ ಅದನ್ನೇ ಆರಿಸಬೇಕು. ದೊರೆಯದ ಕಡೆ, ಎಕ್ಸ್‌ಚೇಂಜು ಎರಡು ಕಿಲೋಮೀಟರಿನೊಳಗಿದ್ದು ಲೈನು ಇನ್ನೂ ಸುಸ್ಥಿತಿಯಲ್ಲಿದ್ದರೆ, ಟೆಲಿಫೋನ್ ತಂತಿಯೇ ಮೇಲು. ಕಲ್ಲನ್ನು ತಟ್ಟಿ ನೋಡಿದ ಕೈಯೇ ಕರಪತ್ರವನ್ನೂ ತಟ್ಟಿ ಕೇಳಲಿ: ಎಷ್ಟು ದೂರದವರೆಗೆ, ಎಷ್ಟು ಹೊತ್ತಿನವರೆಗೆ, ಎಷ್ಟು ಮನೆಯವರೆಗೆ?