ಅಗ್ಗದ ಫೋನಿನ ಆಯುಷ್ಯ: ಒಂದು ವಿಮರ್ಶೆ

ವಸ್ತುವನ್ನು ಕೊಳ್ಳುವಾಗ ಬೆಲೆಯನ್ನು ವಿಚಾರಿಸುವುದು ಎಲ್ಲರ ರೂಢಿ. ಅದು ಎಷ್ಟು ಕಾಲ ಬಾಳುವುದೆಂದು ವಿಚಾರಿಸುವುದು ವಿವೇಕಿಗಳ ರೂಢಿ. ಹಿತ್ತಾಳೆಯ ಕೊಡವನ್ನಾಗಲಿ ತೇಗದ ಪೆಟ್ಟಿಗೆಯನ್ನಾಗಲಿ ಕೈಯಿಂದ ಮುಟ್ಟಿ, ತಟ್ಟಿ ನೋಡಿದರೆ ಬಾಳಿಕೆಯ ಅಂದಾಜು ದೊರೆಯುತ್ತಿತ್ತು. ಸ್ಮಾರ್ಟ್‌ಫೋನಿನ ವಿಷಯದಲ್ಲಿ ಈ ಪರೀಕ್ಷೆ ನಡೆಯದು. ಅದರ ಆಯುಷ್ಯದ ಬಹುಭಾಗವು ತಯಾರಕನು ಮುಂದೆ ಕೈಗೊಳ್ಳುವ ನಿರ್ಧಾರಗಳನ್ನು ಅವಲಂಬಿಸಿದೆ. ಇದನ್ನು ಒಂದು ನಿದರ್ಶನದಿಂದ ಪರಿಶೀಲಿಸೋಣ.

2014ರ ಮೇ 13ರಂದು ಮೊಟೊರೋಲಾ ಕಂಪೆನಿಯು ಭಾರತದಲ್ಲಿ ‘ಮೊಟೊ ಇ’ ಎಂಬ ಫೋನನ್ನು 6,999 ರೂಪಾಯಿಗೆ ಬಿಡುಗಡೆ ಮಾಡಿತು. 4.3 ಅಂಗುಲದ ಪರದೆ. ಒಂದೇ ಕೈಯಿಂದ ನಿರ್ವಹಿಸಬಹುದಾದ ಗಾತ್ರ. ಗೀರು ತಡೆಯುವ ಗೊರಿಲ್ಲಾ ಗ್ಲಾಸ್, ನೀರಿನ ಹನಿಗಳಿಂದ ರಕ್ಷಿಸುವ ಲೇಪನ, ಅನಗತ್ಯ ಅಲಂಕಾರಗಳಿಲ್ಲದ ಆಂಡ್ರಾಯ್ಡ್ ತಂತ್ರಾಂಶ — ಆ ಬೆಲೆಗೆ ಇವು ಶ್ಲಾಘ್ಯವೇ. ಕೊರತೆಗಳೂ ಇದ್ದವು. ಮುಂಬದಿಯ ಕ್ಯಾಮೆರಾ ಇರಲಿಲ್ಲ. ಹಿಂಬದಿಯ ಕ್ಯಾಮೆರಾ ಹತ್ತಿರದ ಬರಹವನ್ನು ಸ್ಪಷ್ಟವಾಗಿ ಹಿಡಿಯುತ್ತಿರಲಿಲ್ಲ. ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಲಿಲ್ಲ. ಆದರೆ ಇವೆಲ್ಲ ಬಹಿರಂಗ ಕೊರತೆಗಳು. ತಿಳಿದು ಕೊಂಡ ಕೊರತೆಗಾಗಿ ವ್ಯಾಪಾರಿಯನ್ನು ದೂರುವುದು ನ್ಯಾಯವಲ್ಲ.

ಬಾಳಿಕೆಯನ್ನು ಕುಗ್ಗಿಸಿದ ಕಾರಣಗಳು ಬೇರೆ. ಮೊದಲನೆಯದು ಸಂಗ್ರಹದ ಜಾಗ. ಹೆಸರಿಗೆ 4 ಜಿಬಿ. ತಂತ್ರಾಂಶವು ಆಕ್ರಮಿಸಿದ ಭಾಗವನ್ನು ಕಳೆದರೆ ಬಳಕೆದಾರನ ಪಾಲಿಗೆ ಉಳಿದದ್ದು ಸುಮಾರು 2.2 ಜಿಬಿ. ಚಿತ್ರಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಬಹುದಿತ್ತು. ಆದರೆ ಆ್ಯಪ್‌ಗಳು ಬಹುಮಟ್ಟಿಗೆ ಒಳಗಿನ ಜಾಗವನ್ನೇ ಬೇಡುತ್ತವೆ, ಮತ್ತು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಲೇ ಹೋಗುತ್ತವೆ. ಪರದೆ ಒಡೆಯದೆ, ಕರೆಗಳು ನಿಲ್ಲದೆ ಇದ್ದರೂ, ಒಂದನ್ನು ಉಳಿಸಿಕೊಳ್ಳಲು ಮತ್ತೊಂದನ್ನು ಅಳಿಸಬೇಕಾದ ಸ್ಥಿತಿ ಒದಗುತ್ತದೆ.

ಎರಡನೆಯದು ನವೀಕರಣದ ಮಾತು. ಕನಿಷ್ಠ ಒಂದು ನವೀಕರಣವನ್ನು ಕೊಡುವುದಾಗಿ ಕಂಪೆನಿ ಹೇಳಿತ್ತು. 2015ರಲ್ಲಿ ಆಂಡ್ರಾಯ್ಡ್ 5 ಬಂತು. ಆದುದರಿಂದ ವಚನಭಂಗವಾಯಿತೆನ್ನುವಂತಿಲ್ಲ. ಆದರೆ ‘ಒಂದು ನವೀಕರಣ’ವೆಂಬುದು ಕಾಲದ ಅಳತೆಯೇ ಅಲ್ಲ. ಈ ನಡುವೆ, 2014ರ ಅಕ್ಟೋಬರಿನಲ್ಲಿ, ಕಂಪೆನಿಯೇ ಗೂಗಲ್‌ನಿಂದ ಲೆನೊವೊ ಕೈಸೇರಿತು. ಆಂಡ್ರಾಯ್ಡ್ 6 ಈ ಫೋನಿಗೆ ಅಧಿಕೃತವಾಗಿ ಬರಲಿಲ್ಲ. ಆದರೆ ಲಿನಿಯೇಜ್‌ಓಎಸ್ ಎಂಬ ಬಳಗದ ಸ್ವಯಂಸೇವಕರು ಇದೇ ಯಂತ್ರಕ್ಕೆ ಆಂಡ್ರಾಯ್ಡ್ 7ನ್ನು ಆಧರಿಸಿದ ತಂತ್ರಾಂಶವನ್ನು ಹೊಂದಿಸಿಕೊಟ್ಟರು. ನಿಧಾನವಾಗಿಯಾದರೂ ಮುಂದೆ ನಡೆಯುವ ಶಕ್ತಿ ಯಂತ್ರದಲ್ಲಿತ್ತೆಂಬುದಕ್ಕೆ ಇದೇ ಸಾಕ್ಷಿ.

ಲೆಕ್ಕಶಾಸ್ತ್ರದಲ್ಲಿ ಸವಕಳಿಯನ್ನು ಬರೆಯಬೇಕಾದರೆ ವಸ್ತುವಿನ ಬೆಲೆಯೊಡನೆ ಅದರ ಆಯುಷ್ಯವೂ ತಿಳಿದಿರಬೇಕು. 6,999 ರೂಪಾಯಿಯ ಫೋನು ಎರಡು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 292 ರೂಪಾಯಿ. ಏಳು ವರ್ಷ ಬಾಳಿದರೆ 83 ರೂಪಾಯಿ. ಇವೆರಡರಲ್ಲಿ ತಾನು ತೆರುತ್ತಿರುವುದು ಯಾವುದೆಂದು ಗ್ರಾಹಕನಿಗೆ ತಿಳಿಯದಿದ್ದರೆ, ಅವನಿಗೆ ನಿಜವಾದ ಬೆಲೆಯನ್ನೇ ಹೇಳಿದಂತಾಗಲಿಲ್ಲ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು, ಎಣಿಸಿದೆ. ಅಂದಿನ ವ್ಯಾಪಾರಿಯ ಕೈಯಲ್ಲಿ ಕೊಳಗ, ತಕ್ಕಡಿಗಳಿದ್ದವು. ಇಂದಿನ ಸರಕಿನಲ್ಲಿ ಕಾಲವೂ ಒಂದು ಅಳತೆ. ಅಳತೆಯನ್ನೇ ತೋರಿಸದೆ ಮಾರುವುದು ಈ ಅತಿಚಾರದ ನೆರೆಯಲ್ಲೇ ನಿಲ್ಲುತ್ತದೆಂಬುದು ನನ್ನ ಅಭಿಪ್ರಾಯ. ಪರಿಗ್ರಹ ಪರಿಮಾಣವನ್ನು ಪಾಲಿಸುವ ಗೃಹಸ್ಥನಿಗೆ ಇದರಿಂದ ನೇರವಾದ ಬಾಧೆಯಿದೆ. ‘ನನಗೆ ಒಂದೇ ಸಾಕು’ ಎಂದು ಮಿತಿ ಹಾಕಿಕೊಂಡವನೂ, ಬ್ಯಾಂಕಿನ ಆ್ಯಪ್ ಹಳೆಯ ತಂತ್ರಾಂಶವನ್ನು ಒಪ್ಪದಿದ್ದಾಗ, ಎರಡನೆಯದನ್ನು ಕೊಳ್ಳಬೇಕಾಗುತ್ತದೆ.

ಹಾಗೆಂದು ದೋಷವೆಲ್ಲ ತಯಾರಕನದೇ ಅಲ್ಲ. ನಡೆಯುತ್ತಿರುವ ಫೋನನ್ನು ಹೊಸದರ ಆಸೆಗಾಗಿ ಬದಿಗಿರಿಸಿ, ‘ಹಳೆಯದು ಇನ್ನು ನಡೆಯುವುದಿಲ್ಲ’ ಎನ್ನುವವರೂ ನಮ್ಮಲ್ಲಿದ್ದಾರೆ. ಆಯುಷ್ಯವನ್ನು ಮೊದಲೇ ಹೇಳಿದ್ದರೆ, ಅಗತ್ಯ ಯಾವುದು, ಆಸೆ ಯಾವುದು ಎಂಬುದನ್ನು ಅವರೂ ಮರೆಮಾಡಲಾಗದು. ತಯಾರಕನ ಮೌನವು ಸಂಯಮಿಗೆ ತೊಡಕು, ಆಸೆಬುರುಕನಿಗೆ ನೆಪ.

ಪರಿಸ್ಥಿತಿ ಸ್ವಲ್ಪ ಸುಧಾರಿಸುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳು, ಒಂದು ಮಾದರಿಯ ಮಾರಾಟ ಮುಗಿದ ಮೇಲೂ ಕನಿಷ್ಠ 5 ವರ್ಷ ನವೀಕರಣಗಳನ್ನೂ 7 ವರ್ಷ ಮುಖ್ಯ ಬಿಡಿಭಾಗಗಳನ್ನೂ ಒದಗಿಸಬೇಕೆನ್ನುತ್ತವೆ. ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದಿದೆ. 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಆರು ವರ್ಷಗಳ ನವೀಕರಣದ ಭರವಸೆಯೊಡನೆ ಬಂತು. ಅದರ ಪರದೆ ಮಾತ್ರ 6.7 ಅಂಗುಲ, ಅಂಗೈಯಲ್ಲಿ ಅಡಗುವ ಅಗ್ಗದ ಫೋನು ಪೇಟೆಯಿಂದ ಹೆಚ್ಚುಕಡಿಮೆ ಮರೆಯಾಗಿದೆ.

ಬಸದಿಗಳ ಟ್ರಸ್ಟುಗಳು ಕಚೇರಿಗೆ ಫೋನು ಕೊಳ್ಳುವಾಗ, ಯಾವ ವರ್ಷದವರೆಗೆ ನವೀಕರಣ ದೊರೆಯುವುದೆಂಬುದನ್ನು ದರಪಟ್ಟಿಯಲ್ಲಿ ಲಿಖಿತವಾಗಿ ಕೇಳಬೇಕು. ಬ್ಯಾಟರಿ ಕುಂದಿದಾಗ ಫೋನನ್ನು ಬಿಸಾಡದೆ ಬ್ಯಾಟರಿಯನ್ನೇ ಬದಲಿಸಬೇಕು. ದುರಸ್ತಿಗೆ ಒಗ್ಗದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ದಾಸ್ತಾನು ಪುಸ್ತಕದಲ್ಲಿ ಬೆಲೆಯ ಪಕ್ಕದಲ್ಲಿ ಆಯುಷ್ಯಕ್ಕೂ ಒಂದು ಅಂಕಣವನ್ನು ಗೆರೆಯೆಳೆದು ಇಡುವುದು ಕಷ್ಟದ ಕೆಲಸವಲ್ಲ. ಆ ಅಂಕಣ ಖಾಲಿ ಉಳಿಯುವ ವಸ್ತುವನ್ನು ಎಷ್ಟೇ ಅಗ್ಗವಾದರೂ ಕೊಳ್ಳದಿರುವುದೇ ಲೇಸು.