ಉಳಿದುಹೋಗುವ ಶೇ 1

ಈ ವಾರ ಅಲೋಹಾ ಎಂದು ಮಾತು ಕೊಟ್ಟಿದ್ದೆ. ನಾರ್ಮನ್ ಅಬ್ರಾಮ್ಸನ್ ಅವರ 1970ರ ಪ್ರಬಂಧವನ್ನು ಮತ್ತೆ ತೆಗೆದು ಕೂತೆ. ಹವಾಯಿಯ ಟರ್ಮಿನಲ್‌ಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ಬೇಕೆಂದಾಗ ಪ್ಯಾಕೆಟ್ ಕಳಿಸಲಿ, ಡಿಕ್ಕಿಯಾದರೆ ಇನ್ನೊಮ್ಮೆ ಕಳಿಸಲಿ. ಎಂಥ ಧೈರ್ಯ! ಡಿಕ್ಕಿಯಾದ ಎರಡೂ ಪ್ಯಾಕೆಟ್ ಹಾಳು ಎಂದು ಹಿಡಿದು, ಚಾನೆಲ್ಲಿನ ಶೇ 18ರಷ್ಟೇ ದಕ್ಕುತ್ತದೆಂದು ಅವರು ಲೆಕ್ಕ ಹಾಕಿದರು.

ಎರಡೂ ಹಾಳಾಗಲೇಬೇಕೆಂದಿಲ್ಲ, ಹ್ಯಾಮ್‌ಗಳಿಗೆ ಇದು ಗೊತ್ತು. ಎರಡು ಮೀಟರ್ ಬ್ಯಾಂಡಿನ ರಿಪೀಟರಿಗೆ ಇಬ್ಬರು ಒಟ್ಟಿಗೆ ಪಿಟಿಟಿ ಒತ್ತಿದರೆ, ಎಫ್ಎಂನಲ್ಲಿ ಸಿಗ್ನಲ್ ಜೋರಿದ್ದವರ ಕಾಲ್‌ಸೈನ್ ನಿಚ್ಚಳವಾಗಿ ಕೇಳುತ್ತದೆ. ಇನ್ನೊಬ್ಬರು ಇದ್ದರೆಂಬ ಸುಳಿವೂ ಎಷ್ಟೋ ಸಲ ಸಿಗದು. ಬಲದ ಏರುಪೇರು ಅಲೋಹಾಕ್ಕೆ ವರ.

ಸಿಡಿಎಂಎಗೆ ಅದೇ ಮೃತ್ಯು. ಇಲ್ಲಿಗೆ ಬಂದ ಮೇಲೆ ಅಲೋಹಾಕ್ಕೆ ಮರಳಲು ಮನಸ್ಸಾಗುತ್ತಿಲ್ಲ. ಊರೊಳಗೆ ದೂರದ ನಾಲ್ಕನೇ ಘಾತದಂತೆ ಸಿಗ್ನಲ್ ಕುಗ್ಗುತ್ತದೆಂದು ಹಿಡಿಯಿರಿ. ಟವರಿನಿಂದ 100 ಮೀಟರ್ ದೂರದ ಫೋನು 1 ಕಿಲೋಮೀಟರ್ ಆಚೆಯದಕ್ಕಿಂತ 10,000 ಪಟ್ಟು, ಅಂದರೆ 40 ಡೆಸಿಬೆಲ್ ಜೋರು. ಐಎಸ್-95ರ ಕೋಡುಗಳು ಗಳಿಸಿಕೊಡುವುದು ಸುಮಾರು 21 ಡೆಸಿಬೆಲ್. ಹತ್ತಿರದವನು ದೂರದವನನ್ನು ಮುಳುಗಿಸಿಬಿಡುತ್ತಾನೆ. ಅದಕ್ಕೇ ಟವರು ಸೆಕೆಂಡಿಗೆ 800 ಸಲ ಪ್ರತಿ ಫೋನಿಗೂ ‘ಏರಿಸು’, ‘ಇಳಿಸು’ ಎನ್ನುತ್ತಲೇ ಇತ್ತು. ಆ ಒಂದು ಬಿಟ್‌ಗೆ ದೋಷ ತಿದ್ದುವ ಕೋಡಿನ ರಕ್ಷೆಯಿಲ್ಲ. ಕೋಡು ಬಿಡಿಸುವ ಹೊತ್ತಿಗೆ ಆದೇಶ ಹಳಸಿರುತ್ತದೆ! ತಪ್ಪಿ ಕೇಳಿಸಿತೇ, 1.25 ಮಿಲಿಸೆಕೆಂಡಿನಲ್ಲಿ ಮುಂದಿನದು ಬರುತ್ತದೆ. ತಪ್ಪಾಗುತ್ತದೆಂದು ಮೊದಲೇ ಒಪ್ಪಿ ಕಟ್ಟಿದ ಈ ವ್ಯವಸ್ಥೆಯ ಮೇಲೆ ನನಗೆ ಅಪಾರ ಗೌರವ.

ನೋಮಾ ಪಂಥದವರೊಡನೆ ನನ್ನ ಹಳೆಯ ಜಗಳ ಇರುವುದು ಇಲ್ಲೇ. ಜೋರು ಸಿಗ್ನಲ್ಲನ್ನು ಮೊದಲು ಬಿಡಿಸಿ, ಕಳೆದು, ಉಳಿದುದರಲ್ಲಿ ಕ್ಷೀಣವಾದದ್ದನ್ನು ಹುಡುಕು ಎನ್ನುವ ಉಪಾಯ ಸೊಗಸಾದದ್ದೇ. ಆದರೆ ಎಷ್ಟೋ ಪ್ರಬಂಧಗಳಲ್ಲಿ ಆ ಕಳೆಯುವಿಕೆ ಚೊಕ್ಕವಾಗಿಯೇ ನಡೆಯುತ್ತದೆ. ಜೋರಿನದು 100 ಪಟ್ಟು ಬಲವಾಗಿದ್ದು, ಚಾನೆಲ್ ಅಂದಾಜು ತುಸು ತಪ್ಪಿ ಅದರ ಶೇ 1 ಉಳಿಯಿತೆನ್ನಿ. ಆ ಕಸವೇ ಕ್ಷೀಣ ಸಿಗ್ನಲ್ಲಿನಷ್ಟಾಯಿತು! 3ಜಿಪಿಪಿ 2018ರಲ್ಲಿ 5ಜಿಗಾಗಿ ನೋಮಾ ಅಧ್ಯಯನ ಮುಗಿಸಿತು, ಮಾನದಂಡಕ್ಕೆ ಮಾತ್ರ ಸೇರಿಸಲಿಲ್ಲ. ಹೊಸ ಪ್ರಬಂಧ ಕೈಗೆ ಬಂದರೆ ನಾನು ಗ್ರಾಫಿಗಿಂತ ಮೊದಲು ಹುಡುಕುವುದು ಆ ಉಳಿಕೆಗೆ ಕೊಟ್ಟ ಅಂಕಿಯನ್ನು. ಅಲ್ಲಿ ಸೊನ್ನೆ ಇದ್ದರೆ ಗ್ರಾಫ್ ನೋಡುವುದಿಲ್ಲ.